ಕೊನೆಯ ದಿನದ ನೋಟಿಸು

ಏಳನೇ ಮನೆಯಲ್ಲಿ ಅಂಟಣ್ಣ ಬೇಕೆಂದೇ ಹೆಸರಿನ ಫಲಕದ ಮೇಲೆ ನೋಟಿಸು ಅಂಟಿಸಿದ. ಗೋಂದು ಇಳಿದು ಹೊಸ ಬಣ್ಣದ ಬಾಗಿಲ ಮೇಲೆ ಹರಿಯಿತು. ಒರೆಸುವ ಗೋಜಿಗೆ ಹೋಗದೆ ಗಡಿಯಾರ ನೋಡಿಕೊಂಡ. ಎರಡು ಗಂಟೆ ಹತ್ತು ನಿಮಿಷ.

“ಏನಣ್ಣ ಇದು?” ಟೈಲರಮ್ಮ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು. ಅಳತೆಯ ಟೇಪು ಕೊರಳಲ್ಲೇ ಇತ್ತು.

“ಓದೋಕೆ ಬರಲ್ವಾ?”

ಬರುತ್ತಿತ್ತು. ಓದಿದಳು. ಈ ಬೀದಿಯ ನಲವತ್ತು ಮನೆಗಳ ಜಾಗವನ್ನು ಹೊಸ ನಗರ ಯೋಜನೆಯಲ್ಲಿ ವಾಹನ ನಿಲುಗಡೆಗೆ ಗುರುತಿಸಲಾಗಿದೆ. ಆಕ್ಷೇಪಣೆ ಇದ್ದವರು ಕಚೇರಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಕೊನೆಯ ದಿನಾಂಕ ಇವತ್ತಿನದೇ, ಸಂಜೆ ಐದು ಗಂಟೆ. ಆ ಮನೆಯ ಸಾಲ ತೀರಿ ಇನ್ನೂ ವರ್ಷವಾಗಿರಲಿಲ್ಲ.

ಅಂಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತು ವರ್ಷ ಪುರಸಭೆಯ ನೋಟಿಸುಗಳನ್ನು ಜನರ ಬಾಗಿಲಿಗೆ ಅಂಟಿಸಿದ್ದಕ್ಕೆ ಬೀದಿ ಕೊಟ್ಟ ಬಿರುದು. ತೆರಿಗೆ ಬಾಕಿ, ನೀರು ಕಡಿತ, ಗೋಡೆ ಒಡೆಯುವ ಎಚ್ಚರಿಕೆ. ಪುಣ್ಯಾತ್ಮ ಒಂದು ಒಳ್ಳೆಯ ಸುದ್ದಿ ತಂದದ್ದು ಯಾರಿಗೂ ನೆನಪಿಲ್ಲ. ಅಂಟಿಸು, ಸಾಕ್ಷಿಗೆ ಫೋಟೊ ತೆಗೆ, ಮುಂದಿನ ಮನೆಗೆ ನಡೆ, ಇದು ಅವನ ಪದ್ಧತಿ. ಇವತ್ತು ಫೋನು ಜೇಬಿನಿಂದ ಹೊರಗೇ ಬರಲಿಲ್ಲ. ಖಾಕಿ ಅಂಗಿಯ ಮೇಲೆ ಬ್ಯಾಡ್ಜು ಇರಬೇಕಾದ ಕಡೆ ಎರಡು ತೂತು ಮಾತ್ರ ಇದ್ದವು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹಾಗೆ ಹೊರಟುಬಂದಿದ್ದ.

ಹನ್ನೆರಡನೇ ಮನೆ ತಲುಪುವಷ್ಟರಲ್ಲಿ ಹಿಂದೆ ಹತ್ತು ಜನ ಸೇರಿದ್ದರು. ಅಲ್ಲಿಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ ನೋಟಿಸನ್ನು ಎರಡು ಸಲ ಓದಿದರು.

“ತಿಂಗಳ ಕಾಲಾವಕಾಶ ಕೊಡಬೇಕು ಅಂತ ಕಾನೂನಿದೆಯಪ್ಪ. ಕೊನೇ ದಿನ ತಂದು ಅಂಟಿಸ್ತೀಯಲ್ಲ, ನಿನಗೂ ಮನೆ ಮಠ ಇಲ್ವಾ?”

“ಕಾನೂನನ್ನ ಕಚೇರಿಯಲ್ಲಿ ಹೇಳಿ ಮೇಷ್ಟ್ರೇ. ನನ್ನ ಹತ್ತಿರ ಹೇಳಿದ್ರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.”

“ಹೋದ ವಾರ ಯಾರೋ ಬಾಗಿಲ ಸಂದೀಲಿ ಚೀಟಿ ಹಾಕಿದ್ರು,” ಟೈಲರಮ್ಮ ಹೇಳಿದಳು. “ನಿಮ್ಮ ಮನೆ ಹೋಗುತ್ತೆ, ದಯವಿಟ್ಟು ಹೋಗಿ ಬರೆದುಕೊಡಿ ಅಂತ. ನಾನು ಅದರ ಹಿಂದೆ ಗಿರಾಕಿಯ ಅಳತೆ ಬರೆದುಕೊಂಡೆ.”

“ನಾನು ಹರಿದು ಬಿಸಾಕಿದೆ,” ಎಂದರು ಮೇಷ್ಟ್ರು, ತಲೆ ತಗ್ಗಿಸಿ.

ಅಂಟಣ್ಣ ಜೋರಾಗಿ ನಕ್ಕ. “ನಿಮ್ಮ ಯೋಗ್ಯತೆ ಅಷ್ಟೇ. ಇಪ್ಪತ್ತು ಆಕ್ಷೇಪಣೆ ಬಿದ್ರೆ ವಿಚಾರಣೆ ಮಾಡಲೇಬೇಕು, ಹತ್ತೊಂಬತ್ತಾದ್ರೆ ಫೈಲು ಮುಚ್ಚಿದ ಹಾಗೆ. ಈ ಬೀದಿಯಲ್ಲಿ ಇಬ್ಬರು ಒಟ್ಟಿಗೆ ನಡೆದದ್ದನ್ನೇ ನಾನು ಕಂಡಿಲ್ಲ, ಇಪ್ಪತ್ತು ಜನ ಎಲ್ಲಿಂದ ಬರ್ತಾರೆ?”

ಯಾರೋ ಅವನನ್ನು ತಳ್ಳಿದರು. ಗೋಂದಿನ ಡಬ್ಬಿ ಉರುಳಿತು. ಅವನು ಎದ್ದು ಮೊಣಕೈ ಒರೆಸಿಕೊಂಡು ಮತ್ತೆ ಗಡಿಯಾರ ನೋಡಿದ. ಎರಡೂ ಮುಕ್ಕಾಲು. ಮುಖದಲ್ಲಿ ಕಳವಳ ಎದ್ದು ಕಾಣುತ್ತಿತ್ತು. ಹೊಡೆತ ಬೀಳುವ ಮುಂಚೆ ಜಾಗ ಖಾಲಿ ಮಾಡುವ ಯೋಚನೆ ಇರಬೇಕೆಂದು ಎಲ್ಲರೂ ಅಂದುಕೊಂಡರು.

“ನನ್ನನ್ನ ಹೊಡೆದು ಏನು ಮಾಡ್ತೀರಿ? ಧೈರ್ಯ ಇದ್ರೆ ಕಚೇರಿಗೆ ಹೋಗಿ. ಮನೆ ನಂಬರು ಇಲ್ಲ, ಸಹಿ ಇಲ್ಲ ಅಂತ ಒಂದೊಂದನ್ನೂ ಕಸದ ಬುಟ್ಟಿಗೆ ಹಾಕ್ತಾರೆ. ಮುದ್ರೆ ಒತ್ತಿಸಿದ ನಕಲು ಕೇಳೋಕೂ ನಿಮಗೆ ಬಾಯಿ ಬರಲ್ಲ.”

“ಬರುತ್ತೋ ಇಲ್ವೋ ತೋರಿಸ್ತೀವಿ,” ಎಂದಳು ಟೈಲರಮ್ಮ.

ಮೇಷ್ಟ್ರು ಜಗಲಿಯಲ್ಲಿ ಕೂತು ಬರೆಯತೊಡಗಿದರು. ಮನೆಮನೆಯಿಂದ ಹಾಳೆ ಬಂತು, ಪೆನ್ನು ಬಂತು. ಮಾತು ಬಿಟ್ಟಿದ್ದ ಅಕ್ಕತಂಗಿಯರು ಒಂದೇ ಆಟೋದಲ್ಲಿ ಕೂತರು. ಆಕ್ಷೇಪಣೆಯ ಜೊತೆಗೆ ಅಂಟಣ್ಣನ ಮೇಲೂ ಒಂದು ದೂರು ತಯಾರಾಯಿತು. ಅಂಟಣ್ಣ ಮಾತ್ರ ಉಳಿದ ನೋಟಿಸುಗಳನ್ನು ಹಿಡಿದು ಬೀದಿಯ ಕೊನೆಯವರೆಗೂ ಬೈಗುಳ ತಿನ್ನುತ್ತಾ ನಡೆದ.

ಕಚೇರಿಯ ಟಪಾಲು ಕಿಟಕಿಯ ಗುಮಾಸ್ತ ನಾಲ್ಕೂವರೆಗೆ ಬೀಗದ ಕೈ ಎತ್ತಿಕೊಂಡಿದ್ದ; ಜನರನ್ನು ಕಂಡು ಕೆಳಗಿಟ್ಟ. ಐದಕ್ಕೆ ಎರಡು ನಿಮಿಷ ಇರುವಾಗ ಮೂವತ್ತೊಂದನೆಯ ಆಕ್ಷೇಪಣೆಗೆ ಮುದ್ರೆ ಬಿತ್ತು. ಗದ್ದಲ ಕೇಳಿ ಯೋಜನಾಧಿಕಾರಿ ಹೊರಗೆ ಬಂದರು.

“ಕೊನೇ ದಿನ ಅಂಟಿಸಿದ್ರು ಅಂತ ಯಾರು ಹೇಳಿದ್ದು? ನೋಟಿಸು ಅಂಟಿಸಿ ತಿಂಗಳಾಯ್ತು. ನಲವತ್ತು ಬಾಗಿಲಿನ ಫೋಟೊ ಫೈಲಿನಲ್ಲಿದೆ,” ಎಂದು ಬಿಡಿಸಿ ತೋರಿಸಿದರು.

ಬಾಗಿಲುಗಳು ಅವರವೇ. ನೋಟಿಸೂ ಇತ್ತು. ಎಲ್ಲರೂ ತಬ್ಬಿಬ್ಬಾದರು. ಬಟ್ಟೆ ಕತ್ತರಿಸಿ ಪಳಗಿದ ಟೈಲರಮ್ಮನ ಕಣ್ಣು ಮಾತ್ರ ಹಾಳೆಯ ಅಂಚಿನ ಮೇಲೆ ನಿಂತಿತು.

“ಸ್ವಾಮಿ, ನಲವತ್ತು ಹಾಳೆಯೂ ಒಂದೇ ಮೂಲೇಲಿ ಒಂದೇ ಥರ ಹರಿಯುತ್ತಾ? ಇದು ಒಂದೇ ಹಾಳೆ. ಅಂಟಿಸಿ, ಫೋಟೊ ತೆಗೆದು, ಕಿತ್ತು, ಪಕ್ಕದ ಮನೆಗೆ ಅಂಟಿಸಿದ್ದಾರೆ.”

ಅಧಿಕಾರಿ ಗುಮಾಸ್ತನ ಕಡೆ ತಿರುಗಿದರು. “ಯಾರು ಹೀಗೆ ಮಾಡಿದ್ದು?”

“ಒಂದೇ ಪ್ರತಿ ಸಾಕು ಅಂತ ನೀವೇ ಹೇಳಿದ್ದು ಸರ್. ಅಂಟಣ್ಣ ಆಗಲ್ಲ ಅಂದಾಗ ಪಿಂಚಣಿ ಕಾಗದ ತಡೀತೀನಿ ಅಂದ್ರಿ.”

ಸಾಹೇಬರು ಫೈಲು ಮುಚ್ಚಿದರು. ಮೇಷ್ಟ್ರು ಆ ಮಾತನ್ನೂ ಬರೆದುಕೊಂಡರು. ಆದರೆ ಟೈಲರಮ್ಮನ ಸಿಟ್ಟು ಇನ್ನೂ ಆರಿರಲಿಲ್ಲ.

“ಅವನೇನು ಸಾಚಾನಾ? ಇವತ್ತು ಬಾಗಿಲಿಗೆ ಬಂದು ನಮ್ಮ ಮಾನ ಕಳೆದು ಹೋದ. ಮೊದಲು ಅವನನ್ನ ಕೆಲಸದಿಂದ ತೆಗೀರಿ.”

ಗುಮಾಸ್ತ ಮುದ್ರೆಯನ್ನು ಡ್ರಾಯರಿನಲ್ಲಿಟ್ಟು ಮೆಲ್ಲಗೆ ಹೇಳಿದ: “ಅವರು ನಿವೃತ್ತರಾಗಿ ಹದಿನೆಂಟು ದಿನ ಆಯ್ತಮ್ಮ, ಇವತ್ತು ನಿಮ್ಮ ಬೀದಿಗೆ ನಾವು ಯಾರನ್ನೂ ಕಳಿಸಿಲ್ಲ.”