ಗಂಧದ ಬಣ್ಣದ ಗೋಡೆ

ಭಾನುವಾರ ಹೆಣ್ಣು ನೋಡಲು ಬರುವವರಿದ್ದರು. ಅಮ್ಮ ಹಾಲ್‌ನ ಗೋಡೆಗೆ ಎರಡು ಬಣ್ಣ ಬಳಿಸಿ, ಮಗಳನ್ನು ಒಂದೊಂದರ ಮುಂದೆಯೂ ನಿಲ್ಲಿಸಿ ನೋಡಿದಳು.

"ಕೇಸರಿಹಾಲಿನ ಬಣ್ಣ ಬೇಡ, ಇನ್ನೂ ಕಪ್ಪಗೆ ಕಾಣ್ತೀಯ. ಗಂಧದ ಬಣ್ಣವೇ ಇರಲಿ."

"ಹಾಗಾದ್ರೆ ಗಂಡನ ಮನೆಗೆ ಈ ಗೋಡೆನೂ ಹೊತ್ಕೊಂಡು ಹೋಗ್ಲಾ?" ಮಗಳು ಸಿಡುಕಿದಳು.

"ಮೊದಲು ಅವರು ಒಪ್ಪಲಿ, ಸುಮ್ನಿರು."

ಬಂದವರು ಕೇಸರಿಬಾತು ತಿಂದು, ಹಾಲ್ ತುಂಬ ಕಣ್ಣಾಡಿಸಿ, "ತಿಳಿಸ್ತೀವಿ" ಎಂದು ನಗುನಗುತ್ತ ಹೋದರು. ಹುಡುಗ ಮಗಳಿಗೂ ಹಿಡಿಸಿಬಿಟ್ಟಿದ್ದ. ಆಮೇಲೆ ಸುದ್ದಿಯೇ ಇಲ್ಲ.

ತಿಂಗಳು ಕಳೆದ ಮೇಲೆ ಹುಡುಗನ ತಾಯಿಯ ಫೋನು ಬಂತು. ಅಮ್ಮ ಸಂಭ್ರಮದಿಂದ ಸ್ಪೀಕರ್ ಹಾಕಿದಳು. ಒಗ್ಗರಣೆ ಬಿಟ್ಟು ಮಗಳೂ ಓಡಿ ಬಂದಳು.

"ಮಗನ ಮದುವೆ ಗೊತ್ತಾಯ್ತು ಕಣ್ರೀ, ಮನೆಗೆ ಬಣ್ಣ ಹೊಡೆಸ್ತಾ ಇದ್ದೀವಿ. ನಿಮ್ಮ ಗೋಡೆ ನಮಗೆಲ್ಲ ತುಂಬಾ ಇಷ್ಟವಾಗಿತ್ತು. ಅದು ಯಾವ ಬಣ್ಣ, ಸ್ವಲ್ಪ ಹೇಳ್ತೀರಾ?"