ಮೊಣಕೈ ಮೇಲಿನ ಸುಣ್ಣ

ಈ ಪರದೇಶದ ಮೈದಾನದಲ್ಲಿ ಗೆರೆ ಹಾಕುವ ಸುಣ್ಣದ ವಾಸನೆ ಬಂದರೆ, ಗೆಂಡೆಹಳ್ಳಿಯ ಕಬಡ್ಡಿ ಅಂಕಣಕ್ಕಾಗಿ ಜೀವ ಹಂಬಲಿಸುತ್ತದೆ. ಮರುಕ್ಷಣವೇ ತಲೆ ತಗ್ಗುತ್ತದೆ.

ಔಟಾದವರು ತಾವೇ ಕೈಯೆತ್ತಿ ಹೊರನಡೆಯುವುದು ನಮ್ಮೂರ ರೂಢಿಯಾಗಿತ್ತು. ಆ ಮಧ್ಯಾಹ್ನ, ಗೆಲುವು ತೀರ್ಮಾನವಾಗಬೇಕಿದ್ದ ಕೊನೆಯ ರೈಡಿಗೆ ಬಂದ ಅರೇಹಳ್ಳಿಯ ಸಾವಿತ್ರಿ, ಸುಣ್ಣದ ಗೆರೆಯ ಮೇಲೆ ಊರಿದ್ದ ಕೈಯಿಂದಲೇ ನನ್ನ ಮೊಣಕೈ ಮುಟ್ಟಿ ಓಡಿದಳು. ನಾನು ಕೈಯೆತ್ತಲಿಲ್ಲ.

“ಮುಟ್ಟಿದೀನಿ ತಾತ, ಬೇಕಾದ್ರೆ ಅವಳ್ನೇ ಕೇಳಿ!” ಎಂದು ಸಾವಿತ್ರಿ ಕೂಗಿದಳು.

ತೀರ್ಪುಗಾರರಾಗಿದ್ದ ನನ್ನ ತಾತ ಇತ್ತ ತಿರುಗುವಷ್ಟರಲ್ಲಿ ಮೊಣಕೈಯನ್ನು ನೀಲಿ ಲಂಗಕ್ಕೆ ಒರೆಸಿಕೊಂಡಿದ್ದೆ.

“ಏನವ್ವಾ, ಮುಟ್ಟಿದ್ಲಾ?”

“ಇಲ್ಲ ತಾತ.”

“ನಮ್ಮುಡ್ಗಿ ಸುಳ್ಳೇಳಲ್ಲ ಕಣವ್ವಾ,” ಎಂದು ಅವಳಿಗೆ ಹೇಳಿ ತಾತ ಸೀಟಿ ಊದಿದರು.

ಸಾವಿತ್ರಿ ತನ್ನ ಬಿಳಿ ಬೆರಳುಗಳನ್ನೊಮ್ಮೆ, ನನ್ನ ಲಂಗದ ಮೇಲಿನ ಬಿಳಿ ಗುರುತನ್ನೊಮ್ಮೆ ನೋಡಿ, ತಾನೇ ಕೈಯೆತ್ತಿ ಅಂಕಣದಿಂದ ಹೊರನಡೆದಳು.