ಯಾವ ಹೊರಗೆ?

ಹೊಟ್ಟೆ ಕಲ್ಲಾಗಿ, ಇನ್ನು ತಡೆಯಲಾಗದು ಅನಿಸಿದಾಗ ಸ್ವಾತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, ಅತ್ತೆ ಗುಣವತಿಗೆ ಹೇಳಿಯೇಬಿಟ್ಟಳು. "ಅತ್ತೇ, ಸುಮಾರ್ ದಿನ ಆಯ್ತ್, ನಂಗೆ ಹೊರ್ಗೆ ಆಯ್ಲಿಲ್ಲ."

ಮದುವೆಯಾಗಿ ಬಿಜೂರಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಅವಳ ಕೋಟದ ತವರಿನಲ್ಲಿ ಹೊರಗೆ ಆಗುವುದೆಂದರೆ ಬೆಳಗಿನ ಕಕ್ಕಸಿನ ಕೆಲಸ ಸಲೀಸಾಗಿ ಮುಗಿಯುವುದು. ಈ ಮನೆಯಲ್ಲಿ ಹೊರಗಾಗುವುದೆಂದರೆ ತಿಂಗಳ ಮುಟ್ಟು, ಬೇರೆ ಅರ್ಥವೇ ಇಲ್ಲ. ಗುಣವತಿಯ ಕೈಯ ಸೌಟು ಅಲ್ಲೇ ನಿಂತಿತು. ಸೊಸೆಯ ಬಾಡಿದ ಮುಖ, ಊಟ ಸೇರದ ಬಾಯಿ, ಹೊಟ್ಟೆಯ ಮೇಲಿಟ್ಟ ಕೈ, ಇನ್ನೇನು ಬೇಕು? ದೇವರು ಕಣ್ಣು ಬಿಟ್ಟ ಎಂದುಕೊಂಡವಳು ಸೆರಗಿನಲ್ಲಿ ಕಣ್ಣೊರೆಸಿ, ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯ ಜಲಜಳ ಕಿವಿಯಲ್ಲೂ ಊದಿ ಬಂದಳು.

ಅಲ್ಲಿಂದ ಶುರುವಾಯಿತು ನೋಡಿ ಉಪಚಾರ! ಬಾವಿ ನೀರು ಸೇದಬಾರದು, ಅಂಗಳ ಗುಡಿಸಬಾರದು, ಕೂತಲ್ಲೇ ಕೂರಬೇಕು. ಹೆಚ್ಚಿಟ್ಟಿದ್ದ ಪಪ್ಪಾಯಿ ಹಣ್ಣು ಸ್ವಾತಿಯ ಕಣ್ಣೆದುರೇ ದನದ ಬಾಯಿಗೆ ಹೋಯಿತು. ಮಲಬದ್ಧತೆಗೆ ತವರಿನಲ್ಲಿ ಮಾಡುತ್ತಿದ್ದದ್ದೆಲ್ಲ ಇಲ್ಲಿ ತಲೆಕೆಳಗು. ಈ ಊರಿನ ಮದ್ದೇ ಹೀಗಿರಬೇಕು ಎಂದುಕೊಂಡು ಪಾಪದ ಹುಡುಗಿ ಸುಮ್ಮನೆ ಕೂತಳು. ಹೊಟ್ಟೆ ಮತ್ತಷ್ಟು ಬಿಗಿಯಿತು.

ಮರುದಿನ ಗುಣವತಿ, ರಜೆ ಮುಗಿಸಿ ಮುಂಬಯಿಯ ಹೋಟೆಲಿಗೆ ಮರಳಿದ್ದ ಮಗ ರತೀಶನಿಗೆ ಫೋನು ಹಚ್ಚಿದಳು. ಅಪ್ಪ ಆಗುವವನಿಗೆ ಸುದ್ದಿ ತಾನೇ ಹೇಳುತ್ತೇನೆಂದು ಸೊಸೆಯತ್ತ ತಿರುಗಿ ನಕ್ಕಳು. ಉಪಚಾರದ ಅರ್ಥ ಸ್ವಾತಿಗೆ ಆಗ ಹೊಳೆಯಿತು. ಆ ಕಡೆ ರಿಂಗಾಗುತ್ತಿತ್ತು. ನಾಚಿಕೆ ಗೀಚಿಕೆ ಎಲ್ಲ ಬಿಟ್ಟು ಓಡಿಹೋಗಿ ಅತ್ತೆಯ ಕೈ ಹಿಡಿದಳು.

"ಫೋನ್ ಇಡಿ ಅತ್ತೇ. ನೀವ್ ಗ್ರಹಿಸಿದ್ ಹೊರ್ಗೆ ಅಲ್ಲ." ಅಂಗಳದಾಚೆಯ ಕಕ್ಕಸಿನತ್ತ ಬೆರಳು ತೋರಿಸಿದಳು. "ಅಕಾ ಕಾಣಿ, ಆ ಹೊರ್ಗೆ."

ಗುಣವತಿ ಫೋನು ಇಟ್ಟಳು. ಮುಖ ಒಂದು ಗಳಿಗೆ ಸಪ್ಪಗಾಯಿತು, ಸುಳ್ಳೇಕೆ. ಆಮೇಲೆ ನಗು ಉಕ್ಕಿ ಬಂದು, ಪಕ್ಕೆ ಹಿಡಿದುಕೊಂಡು ನೆಲಕ್ಕೇ ಕೂತಳು. ಹೊಟ್ಟೆ ಇಷ್ಟು ಕಟ್ಟಿಕೊಳ್ಳುವ ತನಕ ಎಂತ ಮಾಡುತ್ತಿದ್ದೆ ಎಂದು ಕೇಳಿದಾಗ ಸ್ವಾತಿ ತಡವರಿಸುತ್ತ ಎಲ್ಲ ಹೇಳಿದಳು. ಬೆಳಗಾದರೆ ಮಾವ ಸುಂದರ, ಅವರ ಸ್ನೇಹಿತರು ಜಗಲಿ ತುಂಬ ಕೂತು ಚಾ ಕುಡಿಯುತ್ತ ಪೇಪರ್ ಓದುತ್ತಾರೆ. ಅವರ ಎದುರಿಗೇ ಕಕ್ಕಸಿನ ಬಾಗಿಲು. ಹೋಗಲು ನಾಚಿಕೆಯಾಗಿ ತಡೆದಳು. ಹೋಗಬೇಕಾದೀತೆಂದು ನೀರು ಕುಡಿಯುವುದನ್ನೂ ಬಿಟ್ಟಳು.

ಗುಣವತಿಯ ನಗು ನಿಂತಿತು. ಅವಳು ಈ ಮನೆಗೆ ಬಂದಾಗ ಕಕ್ಕಸೂ ಇರಲಿಲ್ಲ. ಗೇರುಹಾಡಿಯ ಮರಗಳ ಮರೆಗೆ ಹೋಗಲು ಕತ್ತಲಾಗುವುದನ್ನು ಕಾಯುತ್ತ, ಅರೆಹೊಟ್ಟೆ ಉಂಡೇ ವರ್ಷಗಳನ್ನು ಕಳೆದಿದ್ದಳು.

"ನನ್ನತ್ರ ಯಾರೂ ಕೇಣ್ಲಿಲ್ಲ ಮಗಾ," ಅಂದಳು. "ನಿಂಗೆ ಹಾಂಗ್ ಆಪುಕಾಗ."

ತನಗಾದದ್ದು ಸೊಸೆಗೆ ಆಗಬಾರದೆಂದು ಎದ್ದವಳೇ ಜಗಲಿಗೆ ಹೋಗಿ, ನಾಳೆಯಿಂದ ಬೆಳಗಿನ ಚಾ ಹಿತ್ತಿಲ ಕಡೆ, ಎಲ್ಲರೂ ಅಲ್ಲೇ ಕೂರಿ ಎಂದಳು. ಏಕೆಂದು ಕೇಳುವ ಧೈರ್ಯ ಸುಂದರನಿಗಿರಲಿಲ್ಲ. ಸ್ವಾತಿಗೆ ಎದ್ದ ಕೂಡಲೇ ಚೊಂಬು ತುಂಬ ಬಿಸಿನೀರು, ಮಧ್ಯಾಹ್ನ ಬಸಳೆ ಹುಳಿ, ರಾತ್ರಿ ಪಪ್ಪಾಯಿ. ಬಾವಿ ಹಗ್ಗ ಮತ್ತೆ ಅವಳ ಕೈಗೆ ಬಂತು. ಹೊಟ್ಟೆ ಕರೆದಾಗ ಹೋಗು, ಕರೆಯದಿದ್ದರೂ ಬೆಳಿಗ್ಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಾ, ಅವಸರ ಮಾಡಬೇಡ ಎಂದು ಅತ್ತೆಯ ಅಪ್ಪಣೆಯಾಯಿತು. ಮೊದಲ ಬೆಳಿಗ್ಗೆ ಏನೂ ಆಗಲಿಲ್ಲ. ಎರಡನೆಯ ಬೆಳಿಗ್ಗೆ ಬಾಗಿಲು ತೆರೆದು ಬಂದ ಸ್ವಾತಿಗೆ ಮೈ ಹತ್ತಿಯಷ್ಟು ಹಗುರ. ಅಬ್ಬ, ಬದುಕಿದೆ ಅಂದುಕೊಂಡಳು. ಅಂದು ಗಂಜಿಯನ್ನು ಎರಡು ಸಲ ಬಡಿಸಿಕೊಂಡು ಉಂಡಳು.

ಅಷ್ಟರಲ್ಲಿ ಜಲಜ ಬಸುರಿಯ ಬಾಯಿರುಚಿಗೆಂದು ಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದು ನಗುತ್ತ ಅಂಗಳಕ್ಕೆ ಬಂದಳು. "ಯಾವಾಗ್ ಅಂಬ್ರ್ ಗುಣಕ್ಕ?"

ಗುಣವತಿ ಭರಣಿ ಇಸಿದುಕೊಂಡಳು.

"ಆಯ್ತ್ ಮಾರಾಯ್ತಿ. ಇವತ್ತ್ ಬೆಳಿಗ್ಗೆ, ಸುಖವಾಯಿ ಆಯ್ತ್."